ಜಾರ್ಜ್ ಸೈಮನ್ ಓಮ್

ಜಾರ್ಜ್ ಸೈಮನ್ ಓಮ್ 1789ರಲ್ಲಿ ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ಬೀಗ ಮಾಡುವ ಕಸುಬಿನವನಾದ ತಂದೆ ಸ್ವಂತ ಪರಿಶ್ರಮದಿಂದ ಗಣಿತವನ್ನು ಕಲಿತು ಮಕ್ಕಳಿಗೂ ಕಲಿಸಿದನು. 1817ರಲ್ಲಿ ಓಮ್ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯನಾದನು. ಅಲ್ಲಿಯ ಪ್ರಯೋಗಶಾಲೆಯೇ ಅವನ ತಪೋಭೂಮಿಯಾಯಿತು.

ತಂತಿಯ ಉದ್ದ ಹೆಚ್ಚಿದಂತೆ ವಿದ್ಯುತ್ ಪ್ರವಾಹ ಎಷ್ಟು ಕುಗ್ಗುತ್ತದೆ? ಇದನ್ನು ಅಳೆಯಹೊರಟ ಓಮ್‌ನಿಗೆ ಅಂದಿನ ವಿದ್ಯುತ್ಕೋಶಗಳು ನೆರವಾಗಲಿಲ್ಲ; ಅವುಗಳ ಬಲ ಏರಿಳಿಯುತ್ತಿತ್ತು. ಆಗ ಆತನು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿ ಸ್ಥಿರವಾದ ಪ್ರವಾಹವನ್ನು ಪಡೆದನು. ಉಷ್ಣತೆ ಬದಲಾಗದಿದ್ದರೆ ಲೋಹದ ತಂತಿಯಲ್ಲಿ ಪ್ರವಾಹವು ವಿಭವಾಂತರಕ್ಕೆ ಅನುಗುಣವಾಗಿರುತ್ತದೆ ಎಂಬುದೇ ಅವನು ಕಂಡ ನಿಯಮ.

1827ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಆದರೆ ಸ್ವದೇಶದ ವಿದ್ವಾಂಸರು ಅದನ್ನು ಆದರಿಸಲಿಲ್ಲ. ಮನನೊಂದ ಓಮ್ ಕಲೋನಿನ ಹುದ್ದೆಯನ್ನು ತೊರೆದು, ಕೆಲವು ವರ್ಷ ಬಡತನದಲ್ಲಿ ಕಳೆದನು. ಆದರೂ ತಾನು ಅಳೆದು ಕಂಡ ಸತ್ಯವನ್ನು ಕೈಬಿಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕೋಪ್ಲಿ ಪದಕವನ್ನಿತ್ತು ಗೌರವಿಸಿತು. ಬಹುಕಾಲ ಬಯಸಿದ್ದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ದೊರೆತದ್ದು 1852ರಲ್ಲಿ. ಎರಡೇ ವರ್ಷಗಳಲ್ಲಿ, 1854ರಲ್ಲಿ, ಆತನು ತೀರಿಕೊಂಡನು.

1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವು ರೋಧದ ಮಾನಕ್ಕೆ ಅವನ ಹೆಸರನ್ನು ಅಂಗೀಕರಿಸಿತು. 230 ವೋಲ್ಟ್ ವಿಭವಾಂತರದಲ್ಲಿ ಇಸ್ತ್ರಿಪೆಟ್ಟಿಗೆಯೊಂದರಲ್ಲಿ 2 ಆಂಪಿಯರ್ ಪ್ರವಾಹ ಹರಿದರೆ, ಭಾಗಿಸಿದಾಗ ಅದರ ರೋಧ 115 ಓಮ್. ಗುಣಿಸಿದಾಗ ಅದರ ಸಾಮರ್ಥ್ಯ 460 ವ್ಯಾಟ್. ಇಂದು ಶಾಲಾಬಾಲಕನೂ ಸುಲಭವಾಗಿ ಮಾಡುವ ಈ ಭಾಗಾಕಾರದ ಹಿಂದೆ ಒಬ್ಬ ಉಪಾಧ್ಯಾಯನ ತಾಳ್ಮೆಯ ಬಾಳು ಅಡಗಿದೆ.