ಜಾರ್ಜ್ ಬರ್ಕ್‌ಬೆಕ್

ಜಾರ್ಜ್ ಬರ್ಕ್‌ಬೆಕ್ (10 ಜನವರಿ 1776 – 1 ಡಿಸೆಂಬರ್ 1841) ಇಂಗ್ಲೆಂಡಿನ ವೈದ್ಯರು, ಭೌತವಿಜ್ಞಾನದ ಪ್ರಾಧ್ಯಾಪಕರು ಹಾಗೂ ವಯಸ್ಕರ ಶಿಕ್ಷಣದ ಪ್ರವರ್ತಕರಲ್ಲಿ ಒಬ್ಬರು. ದುಡಿಯುವ ಜನರು ತಮ್ಮ ಕಸುಬಿನ ಹಿಂದಿರುವ ವಿಜ್ಞಾನವನ್ನು ಬಿಡುವಿನ ವೇಳೆಯಲ್ಲಿ ಕ್ರಮಬದ್ಧವಾಗಿ ಕಲಿಯಲು ಅವಕಾಶವಿರಬೇಕೆಂದು ಇವರು ಶ್ರಮಿಸಿದರು. ಇವರು ಪ್ರಥಮ ಅಧ್ಯಕ್ಷರಾಗಿದ್ದ ಲಂಡನ್ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಇಂದು ಲಂಡನ್ ವಿಶ್ವವಿದ್ಯಾಲಯದ ಅಂಗವಾಗಿದ್ದು, ಇವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆ ಕಾಲದಲ್ಲಿ ಮೆಕ್ಯಾನಿಕ್ ಎಂಬ ಪದಕ್ಕೆ ವಾಹನ ದುರಸ್ತಿ ಮಾಡುವವನು ಎಂಬ ಅರ್ಥವಿರಲಿಲ್ಲ. ಬಡಗಿ, ಕಮ್ಮಾರ, ತಗಡಿನ ಕೆಲಸಗಾರ ಮೊದಲಾದ ಎಲ್ಲ ಕುಶಲಕರ್ಮಿಗಳನ್ನೂ ಆ ಪದ ಸೂಚಿಸುತ್ತಿತ್ತು.

ಜನನ ಮತ್ತು ಶಿಕ್ಷಣ

ಬರ್ಕ್‌ಬೆಕ್ ಅವರು ಯಾರ್ಕ್‌ಷೈರ್ ಪ್ರಾಂತದ ಸೆಟಲ್ ಎಂಬ ಊರಿನಲ್ಲಿ ಕ್ವೇಕರ್ ಪಂಥದ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ವರ್ತಕರೂ ಬ್ಯಾಂಕ್ ವ್ಯವಹಾರಸ್ಥರೂ ಆಗಿದ್ದರು. ವೈದ್ಯಶಾಸ್ತ್ರವನ್ನು ಅಧ್ಯಯನ ಮಾಡಿ 1799ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಮುಂದೆ ರಾಜಕಾರಣಿಯಾಗಿ ಹೆಸರಾದ ಹೆನ್ರಿ ಬ್ರೂಮ್ ಅವರ ಸ್ನೇಹ ಇವರಿಗೆ ದೊರೆತದ್ದು ಎಡಿನ್‌ಬರೋದಲ್ಲಿಯೇ. ಅದೇ ವರ್ಷ ಗ್ಲಾಸ್ಗೋ ನಗರದ ಆಂಡರ್ಸನ್ ಸಂಸ್ಥೆಯಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿ ನೇಮಕಗೊಂಡರು. ಆಗ ಇವರಿಗೆ 23 ವರ್ಷ ವಯಸ್ಸು.

ಗ್ಲಾಸ್ಗೋದ ಉಪನ್ಯಾಸಗಳು

ತರಗತಿಯಲ್ಲಿ ಪ್ರಯೋಗಗಳನ್ನು ತೋರಿಸಲು ಬೇಕಾದ ಉಪಕರಣಗಳು ಗ್ಲಾಸ್ಗೋದಲ್ಲಿ ಸಿದ್ಧವಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ಬರ್ಕ್‌ಬೆಕ್ ಅವರು ಸ್ಥಳೀಯ ಕೆಲಸಗಾರರಿಂದಲೇ ಅವುಗಳನ್ನು ಮಾಡಿಸಬೇಕಾಯಿತು. ತಗಡಿನ ಕೆಲಸದ ಅಂಗಡಿಯೊಂದರಲ್ಲಿ ಪಂಪಿನ ಮಾದರಿಯೊಂದು ತಯಾರಾಗುತ್ತಿದ್ದಾಗ ಅಲ್ಲಿನ ಕೆಲಸಗಾರರು ಅವರನ್ನು ಸುತ್ತುವರಿದು, ಅದು ಹೇಗೆ ನಡೆಯುತ್ತದೆ, ಏಕೆ ನಡೆಯುತ್ತದೆ ಎಂದು ಕೇಳತೊಡಗಿದರು. ಕೈಯಲ್ಲಿ ನೈಪುಣ್ಯವಿದ್ದ, ಮನಸ್ಸಿನಲ್ಲಿ ಕುತೂಹಲವಿದ್ದ ಈ ಜನರಿಗೆ ತಾವು ಮಾಡುತ್ತಿರುವ ವಸ್ತುವಿನ ತತ್ತ್ವವನ್ನು ತಿಳಿಸುವವರು ಯಾರೂ ಇರಲಿಲ್ಲ.

ಇದನ್ನು ಮನಗಂಡ ಬರ್ಕ್‌ಬೆಕ್ ಅವರು ಕುಶಲಕರ್ಮಿಗಳಿಗಾಗಿ ಉಚಿತ ಉಪನ್ಯಾಸಗಳನ್ನು ನಡೆಸುವುದಾಗಿ ಸಂಸ್ಥೆಯ ಆಡಳಿತಗಾರರ ಮುಂದೆ ಪ್ರಸ್ತಾಪಿಸಿದರು. ಅವರು ಅದನ್ನು ಕಾರ್ಯಸಾಧ್ಯವಲ್ಲದ ಕನಸೆಂದು ಭಾವಿಸಿದರು. ಆದರೂ 1800ರಲ್ಲಿ ಶನಿವಾರ ಸಂಜೆಯ ಉಪನ್ಯಾಸಗಳು ಆರಂಭವಾದವು. ಮೊದಲನೆಯ ಉಪನ್ಯಾಸಕ್ಕೆ 75 ಮಂದಿ ಬಂದರು. ಎರಡನೆಯದಕ್ಕೆ 200, ಮೂರನೆಯದಕ್ಕೆ 300, ನಾಲ್ಕನೆಯದಕ್ಕೆ 500 ಮಂದಿ ಸೇರಿದರು. 1804ರಲ್ಲಿ ಬರ್ಕ್‌ಬೆಕ್ ಅವರು ಗ್ಲಾಸ್ಗೋ ಬಿಟ್ಟು ಲಂಡನ್ನಿನಲ್ಲಿ ವೈದ್ಯವೃತ್ತಿ ಕೈಗೊಂಡರು. ಆಂಡ್ರ್ಯೂ ಯೂರ್ ಅವರು ತರಗತಿಯನ್ನು ಮುಂದುವರಿಸಿದರು. 1823ರಲ್ಲಿ ಅಲ್ಲಿನ ಕುಶಲಕರ್ಮಿಗಳು ಪ್ರತ್ಯೇಕಗೊಂಡು ತಮ್ಮದೇ ಆದ ಸಂಸ್ಥೆಯನ್ನು ಸ್ಥಾಪಿಸಿಕೊಂಡರು.

ಲಂಡನ್ ಸಂಸ್ಥೆಯ ಸ್ಥಾಪನೆ

ಅದೇ ವರ್ಷ ಮೆಕ್ಯಾನಿಕ್ಸ್ ಮ್ಯಾಗಜೀನ್ ಪತ್ರಿಕೆಯ ಜೋಸೆಫ್ ರಾಬರ್ಟ್‌ಸನ್ ಮತ್ತು ಥಾಮಸ್ ಹಾಜ್‌ಸ್ಕಿನ್ ಅವರು ಲಂಡನ್ನಿನಲ್ಲಿಯೂ ಇಂತಹ ಸಂಸ್ಥೆ ಬೇಕೆಂದು ಕರೆ ನೀಡಿದರು. ಬರ್ಕ್‌ಬೆಕ್ ಅವರು ತಕ್ಷಣ ಕೈಜೋಡಿಸಿದರು. 1823ರ ನವೆಂಬರ್ 11ರಂದು ಸ್ಟ್ರ್ಯಾಂಡ್ ರಸ್ತೆಯ ಕ್ರೌನ್ ಅಂಡ್ ಆಂಕರ್ ಎಂಬ ಸಾರ್ವಜನಿಕ ಗೃಹದಲ್ಲಿ ನಡೆದ ಸಭೆಗೆ ಸುಮಾರು 2,000 ಮಂದಿ ನೆರೆದರು. ಡಿಸೆಂಬರ್ 2ರಂದು ಸಂಸ್ಥೆ ವಿಧ್ಯುಕ್ತವಾಗಿ ಸ್ಥಾಪನೆಗೊಂಡಿತು. ಚಾನ್ಸರಿ ಲೇನ್ ಸಮೀಪದ ಸೌತ್‌ಹ್ಯಾಂಪ್ಟನ್ ಬಿಲ್ಡಿಂಗ್ಸ್‌ನಲ್ಲಿ ಕಟ್ಟಿದ ಉಪನ್ಯಾಸ ಮಂದಿರವು 1825ರಲ್ಲಿ ಆರಂಭವಾಯಿತು. ಅದರ ನಿರ್ಮಾಣಕ್ಕಾಗಿ ಬರ್ಕ್‌ಬೆಕ್ ಅವರು 3,000 ಪೌಂಡುಗಳಿಗೂ ಹೆಚ್ಚಿನ ಹಣವನ್ನು ಸ್ವಂತವಾಗಿ ಸಾಲ ನೀಡಿದ್ದರು. 1830ರಲ್ಲಿ ಮಹಿಳೆಯರಿಗೂ ಪ್ರವೇಶ ದೊರೆಯಿತು.

ಹಣ ಮತ್ತು ಆಡಳಿತದ ವಿವಾದ

ಸಂಸ್ಥೆ ಯಾರದಾಗಿರಬೇಕು ಎಂಬ ಪ್ರಶ್ನೆ ಆರಂಭದಲ್ಲಿಯೇ ತಲೆದೋರಿತು. ಕುಶಲಕರ್ಮಿಗಳು ತಮ್ಮ ಚಂದಾ ಹಣದಿಂದಲೇ ಅದನ್ನು ನಡೆಸಬೇಕು, ಶ್ರೀಮಂತರ ನೆರವು ಪಡೆದರೆ ಅವರ ಹಿಡಿತಕ್ಕೂ ಒಳಗಾಗಬೇಕಾಗುತ್ತದೆ ಎಂಬುದು ರಾಬರ್ಟ್‌ಸನ್ ಮತ್ತು ಹಾಜ್‌ಸ್ಕಿನ್ ಅವರ ನಿಲುವು. ಕೂಲಿಯಿಂದ ಬದುಕುವವರ ಚಂದಾ ಮಾತ್ರದಿಂದ ಕಟ್ಟಡ, ಗ್ರಂಥಾಲಯ, ಉಪಕರಣಗಳನ್ನು ಹೊಂದಿಸುವುದು ಅಸಾಧ್ಯವೆಂದು ಫ್ರಾನ್ಸಿಸ್ ಪ್ಲೇಸ್ ವಾದಿಸಿದರು. ಬರ್ಕ್‌ಬೆಕ್ ಅವರು ಪ್ಲೇಸ್ ಅವರ ಪಕ್ಷ ವಹಿಸಿದರು ಮತ್ತು ಆ ಪಕ್ಷವೇ ಮೇಲುಗೈ ಪಡೆಯಿತು. ಆಡಳಿತ ಸಮಿತಿಯ ಮೂರನೆಯ ಎರಡು ಭಾಗದಷ್ಟು ಸದಸ್ಯರು ದುಡಿಯುವ ವರ್ಗದವರೇ ಆಗಿರಬೇಕೆಂಬ ನಿಯಮ ಮಾತ್ರ ಉಳಿಯಿತು. ಇನ್ನೊಂದೆಡೆ, ಕೆಲಸಗಾರರಿಗೆ ವಿದ್ಯೆ ಕಲಿಸಿದರೆ ಅವರು ಒಡೆಯರಿಗೆ ವಿಧೇಯರಾಗಿರುವುದಿಲ್ಲವೆಂದು ಸಂಪ್ರದಾಯವಾದಿಗಳು ಈ ಪ್ರಯತ್ನವನ್ನೇ ವಿರೋಧಿಸಿದರು.

ವಿಸ್ತಾರ ಮತ್ತು ಮಿತಿಗಳು

1850ರ ವೇಳೆಗೆ ಬ್ರಿಟನ್ನಿನಲ್ಲಿ ಇಂತಹ ಸಂಸ್ಥೆಗಳ ಸಂಖ್ಯೆ 600ನ್ನು ಮೀರಿತ್ತು. ಆದರೆ ಫಲಿತಾಂಶವು ಎಲ್ಲೆಡೆ ನಿರೀಕ್ಷೆಯಂತೆ ಇರಲಿಲ್ಲ. ದಿನವಿಡೀ ದುಡಿದು ದಣಿದವರಿಗೆ, ಅದರಲ್ಲಿಯೂ ಓದುಬರಹ ಮತ್ತು ಲೆಕ್ಕದ ತಳಹದಿ ಇಲ್ಲದವರಿಗೆ, ವಿಜ್ಞಾನದ ಉಪನ್ಯಾಸಗಳು ಕಠಿಣವೆನಿಸಿದವು. ಹಲವು ಊರುಗಳಲ್ಲಿ ಕುಶಲಕರ್ಮಿಗಳ ಸ್ಥಾನವನ್ನು ಗುಮಾಸ್ತರು ಮತ್ತು ಅಂಗಡಿಯವರು ತುಂಬಿದರು. ಕಲಿತದ್ದಕ್ಕೆ ಉದ್ಯೋಗದಾತರು ಒಪ್ಪುವಂತಹ ಪ್ರಮಾಣಪತ್ರ ಇಲ್ಲದಿದ್ದುದೂ ಒಂದು ಕೊರತೆಯಾಗಿತ್ತು.

ಇತರ ಕಾರ್ಯಗಳು ಮತ್ತು ನಿಧನ

1826ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸ್ಥಾಪನೆಗೆ ಶ್ರಮಿಸಿದವರಲ್ಲಿ ಬರ್ಕ್‌ಬೆಕ್ ಅವರೂ ಒಬ್ಬರು. ಪತ್ರಿಕೆಗಳ ಮೇಲಿನ ಮುದ್ರಾಂಕ ತೆರಿಗೆಯಿಂದ ಬಡವರಿಗೆ ಓದು ದುಬಾರಿಯಾಗುತ್ತದೆಂದು ಅದರ ವಿರುದ್ಧದ ಚಳವಳಿಯಲ್ಲಿಯೂ ಭಾಗವಹಿಸಿದರು. ತಮ್ಮ ಸಂಸ್ಥೆಯ ಅಧ್ಯಕ್ಷರಾಗಿಯೇ ಇದ್ದು 1841ರ ಡಿಸೆಂಬರ್ 1ರಂದು ಲಂಡನ್ನಿನಲ್ಲಿ ನಿಧನರಾದರು. ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಇವರ ಸಮಾಧಿಯಿದೆ.

ಪರಂಪರೆ

ಪ್ರಮಾಣಪತ್ರದ ಕೊರತೆಯನ್ನು ತುಂಬುವ ಪ್ರಯತ್ನಗಳು ಬರ್ಕ್‌ಬೆಕ್ ಅವರ ಕಾಲಾನಂತರ ನಡೆದವು. ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು 1852ರಲ್ಲಿ ಈ ಸಂಸ್ಥೆಗಳ ಒಕ್ಕೂಟವೊಂದನ್ನು ರಚಿಸಿ, 1856ರಲ್ಲಿ ಅವುಗಳ ಸದಸ್ಯರಿಗಾಗಿ ಪರೀಕ್ಷೆಗಳನ್ನು ನಡೆಸಿತು. 1858ರಲ್ಲಿ ಲಂಡನ್ ವಿಶ್ವವಿದ್ಯಾಲಯವು ಕಾಲೇಜಿಗೆ ಸೇರದವರಿಗೂ ತನ್ನ ಪದವಿ ಪರೀಕ್ಷೆಗಳನ್ನು ತೆರೆಯಿತು. 1878ರಲ್ಲಿ ಸಿಟಿ ಅಂಡ್ ಗಿಲ್ಡ್ಸ್ ಸಂಸ್ಥೆ ಹುಟ್ಟಿ, ಕಸುಬುಗಳಿಗೆ ಸಂಬಂಧಿಸಿದ ಪರೀಕ್ಷೆಗಳಿಗೆ ನೆಲೆ ಒದಗಿಸಿತು. ಉದ್ಯೋಗದಲ್ಲಿದ್ದುಕೊಂಡೇ ಕಲಿತು ಮಾನ್ಯತೆ ಪಡೆಯುವ ಇಂದಿನ ಪದ್ಧತಿಯ ಬೇರುಗಳು ಇಲ್ಲಿವೆ.

ಲಂಡನ್ನಿನ ಸಂಸ್ಥೆ 1907ರಲ್ಲಿ ಬರ್ಕ್‌ಬೆಕ್ ಕಾಲೇಜು ಎಂಬ ಹೆಸರು ಪಡೆದು, 1920ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಭಾಗವಾಯಿತು. ಸಂಜೆಯ ತರಗತಿಗಳಿಗೆ ಅದು ಇಂದಿಗೂ ಹೆಸರಾಗಿದೆ. ಬ್ರಿಟನ್ನಿನ ಪ್ರಧಾನಿಯಾದ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅಲ್ಲಿ ವ್ಯಾಸಂಗ ಮಾಡಿದವರಲ್ಲಿ ಒಬ್ಬರು. ಭಾರತದಲ್ಲಿಯೂ ಈ ಚಳವಳಿಯ ಗುರುತು ಉಳಿದಿದೆ. ಮುಂಬಯಿಯ ಟಂಕಸಾಲೆ ಮತ್ತು ಹಡಗುಕಟ್ಟೆಯ ಯುವ ಕೆಲಸಗಾರರು 1847ರಲ್ಲಿ ಆರಂಭಿಸಿದ ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಇಂದು ಆ ನಗರದ ಡೇವಿಡ್ ಸಸೂನ್ ಗ್ರಂಥಾಲಯವಾಗಿದೆ.