ನಂದಾದೀಪಕ್ಕೆ ಎಣ್ಣೆಯೆರೆದ ಮಹಾತಾಯಿ: ಲೂಯೀಸ್ ಬೋವೆನ್

ಗುಡಿಯನ್ನು ಕಟ್ಟಿಸುವವರು ಊರಿಗೆ ಹಲವರು ದೊರೆಯುತ್ತಾರೆ. ನಂದಾದೀಪಕ್ಕೆ ದಿನದಿನವೂ ಎಣ್ಣೆಯೆರೆಯುವವರು ವಿರಳ. ಗಡಿನಾಡಿನಲ್ಲಿ ಶಾಲೆ, ವಾಚನಾಲಯ, ಸಂಘಗಳನ್ನು ಕಷ್ಟದಿಂದ ನಡೆಸಿಕೊಂಡು ಬಂದಿರುವ ನಮಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕೆಯ ಚಿಕಾಗೋ ನಗರದಲ್ಲಿ ಅಂತಹ ದೀಪವೊಂದನ್ನು ಅರ್ಧ ಶತಮಾನಕ್ಕೂ ಮಿಕ್ಕಿ ಕಾಪಾಡಿದ ಶ್ರೀಮಂತ ಮಹಿಳೆಯೊಬ್ಬರ ಜೀವನವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಲೂಯೀಸ್ ಡಿಕೋವೆನ್ ಬೋವೆನ್ ಅವರು ೧೮೫೯ನೆಯ ಇಸವಿ ಫೆಬ್ರವರಿ ೨೬ರಂದು ಚಿಕಾಗೋದಲ್ಲಿ ಜನಿಸಿದರು. ಕೋಟೆಯೊಂದರ ಸುತ್ತಲಿನ ಚಿಕ್ಕ ಊರಾಗಿದ್ದ ಕಾಲದಲ್ಲಿಯೇ ಅವರ ಮಾತಾಮಹರು ಅಲ್ಲಿಗೆ ಬಂದು ನೆಲೆಸಿದ್ದರು. ಅವರು ಕೊಂಡ ನೆಲವು ಊರು ಬೆಳೆದಂತೆಲ್ಲ ನಗರದ ನಡುಮಧ್ಯಕ್ಕೆ ಬಂದಿತು. ಅದರ ಬೆಲೆ ಬೆಳೆಯಿತು. ತಂದೆತಾಯಿಗಳ ಏಕಮಾತ್ರ ಪುತ್ರಿಯಾದ ಲೂಯೀಸರಿಗೆ ಆ ಐಶ್ವರ್ಯವು ಒದಗಿತು. ನಗರವು ಕೊಟ್ಟ ಹಣ ನಗರಕ್ಕೇ ಸಲ್ಲತಕ್ಕದ್ದೆಂಬುದನ್ನು ಅವರು ನಡೆಯಿಂದಲೇ ತೋರಿಸಿದರು.

ಹದಿನಾರನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿದ ತರುಣಿಯು ಚರ್ಚಿನ ಭಾನುವಾರದ ಪಾಠಶಾಲೆಯಲ್ಲಿ ತುಂಟ ಹುಡುಗರ ತರಗತಿಯೊಂದನ್ನು ವಹಿಸಿಕೊಂಡರು. ಆ ಬಾಲಕರಿಗಾಗಿ ಒಂದು ಸಂಘಗೃಹವನ್ನೂ ಏರ್ಪಡಿಸಿದರು. ೧೮೮೬ರಲ್ಲಿ ಜೋಸೆಫ್ ಟಿಲ್ಟನ್ ಬೋವೆನ್ ಎಂಬವರನ್ನು ವಿವಾಹವಾಗಿ, ನಾಲ್ವರು ಮಕ್ಕಳ ತಾಯಿಯಾದರು.

೧೮೮೯ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ವಿದ್ಯಾವಂತೆಯರು ಹಾಲ್‌ಸ್ಟೆಡ್ ಬೀದಿಯ ಹಳೆಯ ಮನೆಯೊಂದರಲ್ಲಿ ಹಲ್ ಹೌಸನ್ನು ತೆರೆದಿದ್ದರು. ಇಂತಹ ಸಂಸ್ಥೆಗೆ ಅಲ್ಲಿ ಸೆಟಲ್‌ಮೆಂಟ್ ಹೌಸ್ ಎಂದು ಹೆಸರು. ಕಲಿತವರು ಬಡವರ ಕೇರಿಯಲ್ಲಿಯೇ ಮನೆಮಾಡಿ, ನೆರೆಯವರಾಗಿ ಬಾಳಿ, ಅವರ ಕಷ್ಟಗಳಿಗೆ ಪರಿಹಾರವನ್ನು ಹುಡುಕುವುದು ಅದರ ರೀತಿ. ಸುತ್ತಲೂ ಇಟಲಿ, ಗ್ರೀಸ್, ಜರ್ಮನಿ, ರಷ್ಯಾ ಮೊದಲಾದ ದೇಶಗಳಿಂದ ವಲಸೆ ಬಂದ ಕಾರ್ಮಿಕರಿದ್ದರು. ಇಂಗ್ಲಿಷ್ ಕಲಿತ ಮಕ್ಕಳು ತಾಯಂದಿರನ್ನು ಹೀನವಾಗಿ ಕಾಣಬಾರದೆಂದು, ಆ ತಾಯಂದಿರ ನೂಲುವಿಕೆ ನೇಯ್ಗೆಗಳನ್ನು ಗೌರವದಿಂದ ತೋರಿಸುವ ಸಂಗ್ರಹಾಲಯವನ್ನು ೧೯೦೦ರಲ್ಲಿ ಅಲ್ಲಿ ತೆರೆದರು. ಮನೆಮಾತು ಒಂದು, ಬೀದಿಯ ಮಾತು ಇನ್ನೊಂದಾಗಿರುವ ನಮಗೆ ಇದರ ಮಹತ್ತ್ವ ಒಡನೆಯೇ ತಿಳಿಯುವಂತಹುದು.

೧೮೯೦ರ ದಶಕದಲ್ಲಿ ಜೇನ್ ಆಡಮ್ಸರ ಆಹ್ವಾನದಂತೆ ಲೂಯೀಸ್ ಬೋವೆನ್ ಇಲ್ಲಿಯ ಮಹಿಳಾ ಸಂಘವನ್ನು ಸೇರಿದರು. ದಾನಿಯಾಗಿ ಮಾತ್ರವಲ್ಲ, ಕಾರ್ಮಿಕರ ಮಡದಿಯರೊಡನೆ ಒಂದೇ ಪಂಕ್ತಿಯ ಸದಸ್ಯೆಯಾಗಿ ಕುಳಿತರು. ಸಭೆಯನ್ನು ನಡೆಸುವ, ಹತ್ತು ಜನರೆದುರು ಮಾತನಾಡುವ ವಿದ್ಯೆಯನ್ನು ಅಲ್ಲಿಯೇ ಕಲಿತರು. ೧೯೦೪ರಲ್ಲಿ ಆ ಸಂಘಕ್ಕೊಂದು ಸಭಾಭವನವನ್ನೂ, ತರುವಾಯ ಬಾಲಕರ ಸಂಘಕ್ಕೊಂದು ಕಟ್ಟಡವನ್ನೂ ಕಟ್ಟಿಸಿಕೊಟ್ಟರು. ೧೯೦೭ರಲ್ಲಿ ಕೋಶಾಧಿಕಾರವನ್ನು ವಹಿಸಿಕೊಂಡರು. ಲೆಕ್ಕದ ಪುಸ್ತಕವನ್ನು ಕೈಗೆತ್ತಿಕೊಂಡವರಿಗೆ ಕೊರತೆಯೂ ತಮ್ಮದೇ ಆಗುವುದಷ್ಟೆ! ೧೯೨೮ರ ವೇಳೆಗೆ ಅವರು ಹಲ್ ಹೌಸಿಗೆ ಕೊಟ್ಟ ಹಣವು ಐದು ಲಕ್ಷ ಡಾಲರುಗಳನ್ನು ಮೀರಿತ್ತು.

ಚಿಕಾಗೋದಲ್ಲಿ ಅಮೆರಿಕೆಯ ಮೊತ್ತಮೊದಲ ಬಾಲನ್ಯಾಯಾಲಯವು ೧೮೯೯ರಲ್ಲಿ ಸ್ಥಾಪಿತವಾಯಿತು. ತಪ್ಪುಮಾಡಿದ ಮಕ್ಕಳನ್ನು ತಿದ್ದಿ ನಡೆಸುವ ಪ್ರೊಬೇಷನ್ ಅಧಿಕಾರಿಗಳು ಬೇಕೆಂದು ಕಾನೂನು ಹೇಳಿತು. ಅವರ ಸಂಬಳಕ್ಕೆ ಮಾತ್ರ ಹಣವನ್ನು ಒದಗಿಸಲಿಲ್ಲ. ಆಗ ಮಹಿಳೆಯರ ಸಮಿತಿಯೊಂದು ಆ ಭಾರವನ್ನು ಹೊತ್ತಿತು. ಬೋವೆನ್ ಅದರ ಅಧ್ಯಕ್ಷೆಯಾಗಿ, ಸರ್ಕಾರವು ತನ್ನ ಹೊಣೆಯನ್ನು ತಾನೇ ವಹಿಸಿಕೊಳ್ಳುವವರೆಗೆ ದುಡಿದರು.

ಅವರ ಧೈರ್ಯವು ಬೆಳಗಿದುದು ಇನ್ನೊಂದು ಸಂದರ್ಭದಲ್ಲಿ. ಪುಲ್‌ಮನ್ ರೈಲುಗಾಡಿಗಳ ಕಾರ್ಖಾನೆಯಲ್ಲಿ ಬಣ್ಣ ಬಳಿಯುವವರು ಸೀಸದ ವಿಷದಿಂದ ನರಳುತ್ತಿದ್ದುದನ್ನು ಹಲ್ ಹೌಸ್‌ನಿವಾಸಿಯಾದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಕಂಡುಹಿಡಿದರು. ಬೋವೆನ್ ಆ ಕಂಪೆನಿಯ ಪಾಲುದಾರರು. ಪಾಲುದಾರರು ಕೇಳುವುದು ಸಾಮಾನ್ಯವಾಗಿ ಲಾಭಾಂಶವನ್ನು. ಇವರು ಕೇಳಿದುದು ಕೂಲಿಗಾರನ ಆರೋಗ್ಯವನ್ನು. ಆಡಳಿತದವರನ್ನು ಪಟ್ಟುಬಿಡದೆ ಒತ್ತಾಯಿಸಿದರು. ೧೯೧೨ರ ವೇಳೆಗೆ ಅಲ್ಲಿ ವೈದ್ಯಕೀಯ ಶಾಖೆ ಏರ್ಪಟ್ಟು, ರೋಗವು ಬಹುಮಟ್ಟಿಗೆ ಇಳಿಯಿತು. ದಾನ ಕೊಡುವ ಕೈ ಶುದ್ಧವಾಗಿದ್ದರೆ ಸಾಲದು, ಹಣ ಬರುವ ದಾರಿಯೂ ಶುದ್ಧವಾಗಿರಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

೧೯೧೧ರಲ್ಲಿ ಪತಿಯು ತೀರಿಕೊಂಡರು. ಮರುವರ್ಷ ಅವರ ನೆನಪಿಗಾಗಿ ವಾಕೀಗನ್ ಬಳಿಯ ೭೨ ಎಕರೆ ಭೂಮಿಯನ್ನು ಹಲ್ ಹೌಸಿಗೆ ಕೊಟ್ಟರು. ಕೇರಿಯ ಮಕ್ಕಳೂ ತಾಯಂದಿರೂ ಬೇಸಗೆಯಲ್ಲಿ ಅಲ್ಲಿಗೆ ಹೋಗಿ ಮರದ ನೆರಳನ್ನೂ ಹಸುರು ಹುಲ್ಲನ್ನೂ ಕಂಡರು.

ಮೊದಲನೆಯ ಮಹಾಯುದ್ಧವು ಸ್ನೇಹವನ್ನು ಒರೆಗೆ ಹಚ್ಚಿತು. ಜೇನ್ ಆಡಮ್ಸ್ ಯುದ್ಧವನ್ನು ವಿರೋಧಿಸಿ ಜನರ ನಿಂದೆಗೆ ಗುರಿಯಾದರು. ಬೋವೆನ್ ಆದರೋ ಇಲಿನಾಯ್ ರಾಜ್ಯದ ಯುದ್ಧಕಾಲದ ಮಹಿಳಾ ಸಮಿತಿಗೆ ಮುಖ್ಯಸ್ಥೆಯಾಗಿದ್ದರು. ಅಭಿಪ್ರಾಯಗಳು ಅಗಲಿದರೂ ಹೃದಯಗಳು ಅಗಲಲಿಲ್ಲ, ನೆರವು ನಿಲ್ಲಲಿಲ್ಲ. ೧೯೩೫ರಲ್ಲಿ ಆಡಮ್ಸ್ ನಿಧನರಾದಾಗ, ಎಪ್ಪತ್ತಾರರ ವೃದ್ಧೆ ಬೋವೆನ್ ಸಂಸ್ಥೆಯ ಅಧ್ಯಕ್ಷತೆಯನ್ನು ವಹಿಸಿ ೧೯೪೪ರವರೆಗೆ ನಿರ್ವಹಿಸಿದರು. ೧೯೫೩ರ ನವೆಂಬರಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಇಹಲೋಕವನ್ನು ತ್ಯಜಿಸಿದರು.

ಮುಂದಿನ ಕಥೆಯನ್ನೂ ಹೇಳದಿರುವುದು ಸರಿಯಲ್ಲ. ೧೯೬೦ರ ದಶಕದಲ್ಲಿ ವಿಶ್ವವಿದ್ಯಾಲಯಕ್ಕಾಗಿ ಹಲ್ ಹೌಸಿನ ಬಹುಪಾಲು ಕಟ್ಟಡಗಳು ನೆಲಸಮವಾದವು. ಮೂಲದ ಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಅನ್ಯತ್ರ ಕೆಲಸ ಮುಂದುವರಿಸಿದ ಸಂಸ್ಥೆಯು ಬಹುಮಟ್ಟಿಗೆ ಸರ್ಕಾರದ ಹಣವನ್ನೇ ನಂಬಿತ್ತು. ೨೦೧೨ರಲ್ಲಿ ಧನಾಭಾವದಿಂದ ಬಾಗಿಲು ಮುಚ್ಚಿತು.

ಒಬ್ಬ ಬೋವೆನ್ ಎಲ್ಲ ಊರಿಗೂ ದೊರೆಯಲಾರರು. ಆದರೆ ಮನೆಗೊಂದು ಸೌಟಿನಂತೆ ಎಣ್ಣೆಯನ್ನು ಎರೆಯಲು ನಾವೆಲ್ಲರೂ ಬಲ್ಲೆವು. ವಾರ್ಷಿಕೋತ್ಸವದ ದಿನ ಮಾತ್ರವಲ್ಲದೆ, ಉತ್ಸವವಿಲ್ಲದ ದಿನಗಳಲ್ಲಿಯೂ ನಮ್ಮ ಸಂಘದ ಬಾಗಿಲು ತೆರೆದಿರಬೇಕಾದರೆ ಅದೊಂದೇ ದಾರಿ.