ಚಿತ್ರಕರ್ತ್ರಿ ರೋಸಾ ಬೊನರ್

ಪ್ರಾಣಿಗಳ ಚಿತ್ರಗಳನ್ನು ಬರೆಯುವುದರಲ್ಲಿ ಬಹು ಪ್ರಖ್ಯಾತಿಯನ್ನು ಪಡೆದ ರೋಸಾ ಬೊನರ್ ಎಂಬಾಕೆಯು ಫ್ರಾನ್ಸ್ ದೇಶದ ಬೋರ್ಡೋ ಪಟ್ಟಣದಲ್ಲಿ 1822ನೆಯ ಇಸವಿ ಮಾರ್ಚಿ 16ರಲ್ಲಿ ಜನಿಸಿದಳು. ತಂದೆಯು ಬಡ ಚಿತ್ರಗಾರನು. ಬಾಲಕಿಗೆ ಅಕ್ಷರಾಭ್ಯಾಸವು ರುಚಿಸದಿರಲು, ತಾಯಿಯು ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಾಣಿಯ ಚಿತ್ರವನ್ನು ಬರೆಯಿಸಿ ಓದನ್ನು ಕಲಿಸಿದಳು. 1833ರಲ್ಲಿ ಆ ತಾಯಿಯು ತೀರಿಕೊಂಡಳು.

ರೋಸಾಳು ಗಂಡುಹುಡುಗರಂತೆ ಆಡುವವಳು. ಹೊಲಿಗೆಯವಳ ಬಳಿ ಕೆಲಸ ಕಲಿಯಲು ಬಿಟ್ಟರೆ ಅಲ್ಲಿ ನಿಲ್ಲಲಿಲ್ಲ. ಹೆಣ್ಣುಮಕ್ಕಳ ವಸತಿಶಾಲೆಗೆ ಸೇರಿಸಿದರೆ, ಸಹಪಾಠಿನಿಯರನ್ನು ದಂಡಾಗಿ ಕೂಡಿಸಿ, ಮರದ ಕತ್ತಿಗಳಿಂದ ಯುದ್ಧವಾಡಿ, ತೋಟದ ಗುಲಾಬಿಗಳನ್ನು ಕಡಿದುಹಾಕಿದಳು. ಶಾಲೆಯವರು ಅವಳನ್ನು ಹೊರಗೆ ಕಳುಹಿಸಿದರು. ಕಡೆಗೆ ತಂದೆಯು ತಾನೇ ಅವಳಿಗೆ ಚಿತ್ರಕಲೆಯನ್ನು ಕಲಿಸತೊಡಗಿದನು.

ಸುಮಾರು 14ನೆಯ ವಯಸ್ಸಿನಲ್ಲಿ ಅವಳಿಗೆ ನತಾಲಿ ಮಿಕಾ ಎಂಬ ಗೆಳತಿಯು ದೊರೆತಳು. ತನಗಿಂತ ಎರಡು ವರ್ಷ ಚಿಕ್ಕವಳಾದ ಈ ಹುಡುಗಿಯು ರೋಸಾಳನ್ನು ತಿದ್ದಲೆತ್ನಿಸದೆ ಇದ್ದಂತೆಯೇ ಸ್ವೀಕರಿಸಿದಳು. 1849ರಲ್ಲಿ ತಂದೆಯು ಮರಣಹೊಂದಿದಾಗ ಆಶ್ರಯವಾದುದೂ ನತಾಲಿಯ ಮನೆಯೇ. ಮುಂದೆ ಇಬ್ಬರೂ ಕೂಡಿಯೇ ಬಾಳಿದರು; ಮನೆವಾರ್ತೆಯನ್ನು ನತಾಲಿಯು ನೋಡಿಕೊಂಡದ್ದರಿಂದ ರೋಸಾಳು ನಿಶ್ಚಿಂತೆಯಿಂದ ಚಿತ್ರ ಬರೆದಳು.

ಪ್ರಾಣಿಗಳ ಅಂಗರಚನೆಯನ್ನು ತಿಳಿಯಲು ರೋಸಾಳು ಕಸಾಯಿಖಾನೆಗಳಿಗೂ ಕುದುರೆ ಸಂತೆಗೂ ಹೋಗಬೇಕಾಗಿತ್ತು. ಉದ್ದನೆಯ ಲಂಗವು ಅಲ್ಲಿ ಅಡ್ಡಿಯಾಗಿತ್ತು. ಆದರೆ ಆ ಕಾಲದ ಪ್ಯಾರಿಸಿನಲ್ಲಿ ಹೆಂಗಸು ಷರಾಯಿ ತೊಡಬೇಕಾದರೆ ಪೊಲೀಸರ ಪರವಾನಗಿ ಬೇಕು. ಅವಳು ಅದನ್ನು ಬೇಡಿ ಪಡೆದಳು. ಇಂಥ ಪರಿಶ್ರಮದ ಫಲವೇ 1853ರಲ್ಲಿ ಪ್ರದರ್ಶಿತವಾದ, ಸುಮಾರು 8 ಅಡಿ ಎತ್ತರ, 16 ಅಡಿಗೂ ಮಿಕ್ಕ ಅಗಲವುಳ್ಳ ಕುದುರೆ ಸಂತೆಯ ಮಹಾಚಿತ್ರವು. ಅದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. 1865ರಲ್ಲಿ ಚಕ್ರವರ್ತಿನಿ ಯೂಜನಿಯು ತಾನೇ ಅವಳ ಮನೆಗೆ ಬಂದು ಲೀಜಿಯನ್ ಆಫ್ ಆನರ್ ಎಂಬ ಬಿರುದಿನ ಪದಕವನ್ನು ತೊಡಿಸಿದಳು. ಆ ಮರ್ಯಾದೆಯನ್ನು ಪಡೆದ ಮೊದಲನೆಯ ಚಿತ್ರಕರ್ತ್ರಿ ಈಕೆಯೇ.

1889ರಲ್ಲಿ ನತಾಲಿಯು ತೀರಿಕೊಂಡಳು. ಸುಮಾರು 50 ವರ್ಷಗಳ ಒಡನಾಟವು ತಪ್ಪಿದ ರೋಸಾಳು ಬಹು ದುಃಖಪಟ್ಟಳು. 1899ನೆಯ ಮೇ 25ರಲ್ಲಿ ಅವಳೂ ದಿವಂಗತಳಾಗಲು, ಪ್ಯಾರಿಸಿನಲ್ಲಿ ಗೆಳತಿಯ ಸಮಾಧಿಯಲ್ಲಿಯೇ ಅವಳನ್ನು ಇರಿಸಿದರು.

ಪ್ರಿಯ ಪೂರ್ವವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ನಡೆಯಲ್ಲಾಗಲಿ ನುಡಿಯಲ್ಲಾಗಲಿ ಉಡುಪಿನಲ್ಲಾಗಲಿ ಇತರರಂತಿಲ್ಲದ ಹುಡುಗಿಯು ಯಾವ ತರಗತಿಯಲ್ಲಾದರೂ ಇರಬಹುದು. ಅಂಥವಳಿಗೆ ಉಪಾಧ್ಯಾಯಿನಿಯ ಶಿಕ್ಷೆಗಿಂತಲೂ ಸಹಪಾಠಿನಿಯರಿಟ್ಟ ಅಡ್ಡಹೆಸರು ಹೆಚ್ಚು ನೋಯಿಸುವುದು. ಒಬ್ಬ ಗೆಳತಿ ಇದ್ದರೆ ಅದನ್ನೂ ಸಹಿಸಬಲ್ಲಳು. ನಿಮ್ಮ ಮಗಳು ಮನೆಗೆ ಬಂದು ಅಂಥವಳ ವಿಷಯವನ್ನು ನಗುತ್ತ ಹೇಳಿದರೆ, ತರಗತಿಯಲ್ಲಿ ಅವಳ ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರೆಂದು ಕೇಳಿರಿ.